ಮರಿಗಳ ಕನಸು ನಮ್ಮ ಊರಿಗೆ ಬಂದ ದಾರಿ

ಚಂದ್ರನನ್ನು ಮುಟ್ಟಲು ಹೊರಟ ಕರಡಿಮರಿ, ಕತ್ತಲೆಗೆ ಅಂಜುವ ಆನೆಮರಿ ಮುಂತಾದವುಗಳ ಚಿತ್ರಪುಸ್ತಕಗಳು ಈಗ ಕೊಪ್ಪಳ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನೂ ತಲುಪಿವೆ. ಇವುಗಳಲ್ಲಿ ನೀತಿಯಿಲ್ಲ ಎಂಬ ಆಕ್ಷೇಪವೂ, ಇವುಗಳ ಕನ್ನಡ ನಮ್ಮದಲ್ಲ ಎಂಬ ದೂರೂ ಒಟ್ಟಿಗೇ ಕೇಳಿಬರುತ್ತಿದ್ದು, ಎರಡೂ ಒಂದರೊಳಗೊಂದು ಸಿಕ್ಕಿಕೊಂಡಿವೆ.

ಮೊದಲನೆಯದು ಹಳೆಯ ಮಾತು. ದುರ್ಗಸಿಂಹನು ಸುಮಾರು 1031ರಲ್ಲಿ ಕನ್ನಡಕ್ಕೆ ತಂದ ಪಂಚತಂತ್ರದಲ್ಲಿ ಪ್ರಾಣಿಗಳು ರಾಜನೀತಿ ಬಲ್ಲ ಹಿರಿಯರು. ಗೋವಿನ ಹಾಡಿನಲ್ಲಿ ಕರುವಿನ ಅಳಲು ಕೇಳಿಸಿದರೂ ಕಥೆ ನಿಲ್ಲುವುದು ತಾಯಿಯ ಸತ್ಯದ ಮೇಲೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಶಾಲೆಗಳಲ್ಲಿ ಉರ್ದುವಿಗೇ ಮೇಲುಗೈಯಿದ್ದ ಈ ಭಾಗಕ್ಕೆ ಮಕ್ಕಳ ಕನ್ನಡ ಪುಸ್ತಕಗಳು ತಡವಾಗಿ ಬಂದವು. ನವಕರ್ನಾಟಕ ಪ್ರಕಾಶನದ ಮಳಿಗೆಗಳಲ್ಲಿ ಅಗ್ಗದ ಬೆಲೆಗೆ ಸಿಗುತ್ತಿದ್ದ ಬಣ್ಣಬಣ್ಣದ ಸೋವಿಯತ್ ಪುಸ್ತಕಗಳ ಬರವು 1991ರ ನಂತರ ನಿಂತುಹೋಯಿತು.

ಮರಿಯೇ ಮಗುವಾಗಿ, ಅದರ ಅಂಜಿಕೆ, ಮುನಿಸುಗಳೇ ಕಥೆಯಾದ ಪುಸ್ತಕಗಳು ಕನ್ನಡದಲ್ಲಿ ಕೈಗೆಟಕುವ ಬೆಲೆಗೆ ಹೇರಳವಾಗಿ ಸಿಗತೊಡಗಿದ್ದು 2004ರಲ್ಲಿ ಬೆಂಗಳೂರಿನಲ್ಲಿ ಪ್ರಥಮ್ ಬುಕ್ಸ್ ಎಂಬ ಮಕ್ಕಳ ಪುಸ್ತಕಗಳ ಪ್ರಕಾಶನ ಸಂಸ್ಥೆ ಆರಂಭವಾದ ನಂತರ. 2015ರಲ್ಲಿ ಮಕ್ಕಳ ಕಥೆಗಳನ್ನು ಉಚಿತವಾಗಿ ಓದಲು ಕೊಡುವ ಅದರ ಸ್ಟೋರಿವೀವರ್ ಜಾಲತಾಣ ಬಂತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು, ಮರುವರ್ಷ 'ಓದುವ ಬೆಳಕು' ಕಾರ್ಯಕ್ರಮವು ಮಕ್ಕಳನ್ನು ಅಲ್ಲಿಗೆ ಕರೆತಂದಿತು.

ಕುಷ್ಟಗಿ ತಾಲ್ಲೂಕಿನ ಅಂಥದೊಂದು ಗ್ರಂಥಾಲಯದಲ್ಲಿ, ತಂದೆತಾಯಿ ದುಡಿಯಲು ಗುಳೆ ಹೋಗಿದ್ದರಿಂದ ಅಜ್ಜಿಯ ಬಳಿ ಉಳಿದ ಹುಡುಗಿಯೊಬ್ಬಳು ಗಟ್ಟಿಯಾಗಿ ಓದುತ್ತಿದ್ದಳು. ಪುಟದಲ್ಲಿದ್ದದ್ದು 'ಅಮ್ಮ ಎಲ್ಲಿಗೆ ಹೋದಳು?' ಎಂದು, ಅವಳು ಓದಿದ್ದು 'ಅವ್ವ ಎಲ್ಲಿ ಹೋಗ್ಯಾಳ?' ಎಂದು. ಆ ಪುಸ್ತಕದ ಉಳಿದ ಹಾಳೆಗಳು ಹೊಸದರಂತಿದ್ದರೆ, ತಾಯಿಕರಡಿ ಮರಳಿ ಬರುವ ಹಾಳೆಯ ಮೂಲೆ ಮಾತ್ರ ಬೆರಳುಗಳ ಜಿಡ್ಡಿಗೆ ಕಪ್ಪಾಗಿ ಮೆತ್ತಗಾಗಿತ್ತು. ನೀತಿಯಿಲ್ಲದ ಪುಸ್ತಕದಿಂದ ಮಗುವಿಗೇನು ಸಿಗುತ್ತದೆ ಎಂದು ಕೇಳುವವರು ಆ ಮೂಲೆಯನ್ನೊಮ್ಮೆ ಮುಟ್ಟಿ ನೋಡಬೇಕು.

ಭಾಷೆಯ ದೂರು ಮಾತ್ರ ನ್ಯಾಯವಾದದ್ದು. ಎಷ್ಟೋ ಪುಸ್ತಕಗಳು ಅನುವಾದಗಳು. ಅವುಗಳ ಕನ್ನಡ ತುಂಗಭದ್ರೆಯ ಈ ದಂಡೆಯದಲ್ಲ, ಹಿಮದ ಕರಡಿಯೂ ಇಲ್ಲಿಯದಲ್ಲ. ಮರಿಗಳನ್ನು ಬೆನ್ನಮೇಲೆ ಹೊತ್ತು ತಿರುಗುವ ತಾಯಿಕರಡಿ ಕೊಪ್ಪಳದ ಗುಡ್ಡಗಳಲ್ಲೇ ಇದೆ, ತೋಳದ ಮರಿಗಳು ಗಂಗಾವತಿ ತಾಲ್ಲೂಕಿನ ಬಂಕಾಪುರದ ಕುರುಚಲು ಕಾಡಿನಲ್ಲಿವೆ. ಸ್ಟೋರಿವೀವರ್‌ನ ಕಥೆಗಳನ್ನು ಯಾರು ಬೇಕಾದರೂ ತಮ್ಮ ನುಡಿಗೆ ತಿರುಗಿಸಿ ಮುದ್ರಿಸಲು ಅದರ ಮುಕ್ತ ಪರವಾನಗಿ ಅವಕಾಶ ಕೊಡುತ್ತದೆ. 'ಅಮ್ಮ' ಇರುವಲ್ಲಿ 'ಅವ್ವ' ಎಂದು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.