ಬಾಗಿಲಿಗೂ ಪಕ್ಕೆಲುಬಿಗೂ ನಡುವೆ ಒಂದು ಗೇಣು

ಅಪಘಾತಕ್ಕೀಡಾದ ವಾಹನಗಳ ಹಾನಿಯನ್ನು ಅಂದಾಜು ಮಾಡುವ ವಿಮಾ ಸರ್ವೇಯರ್ ಆಗಿ ನಾನು ತುಮಕೂರಿನ ಸುತ್ತಮುತ್ತಲ ಗ್ಯಾರೇಜುಗಳನ್ನು ಸುತ್ತುವಾಗ, ಪಕ್ಕಕ್ಕೆ ಏಟು ತಿಂದ ಕಾರಿನ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೇನೆ. ಎದುರಿನಿಂದ ಡಿಕ್ಕಿಯಾದರೆ ಬಾನೆಟ್ಟು, ಅದರೊಳಗಿನ ಉದ್ದುದ್ದ ಉಕ್ಕಿನ ತೊಲೆಗಳು ಮಡಚಿಕೊಳ್ಳುತ್ತ ಏಟಿನ ರಭಸವನ್ನು ನುಂಗಿಕೊಳ್ಳುತ್ತವೆ. ಪಕ್ಕದಲ್ಲಿ ಹಾಗೆ ಮಡಚಿಕೊಳ್ಳಲು ಜಾಗವೇ ಇಲ್ಲ. ಬಾಗಿಲಿನ ಹೊರತಗಡಿಗೂ ಕುಳಿತವರ ಪಕ್ಕೆಲುಬಿಗೂ ನಡುವೆ ಇರುವುದು ಹೆಚ್ಚುಕಡಿಮೆ ಒಂದು ಗೇಣು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುವ ವಾಹನ ಅಷ್ಟು ದೂರವನ್ನು ಒಂದು ಸೆಕೆಂಡಿನ ಐವತ್ತರಲ್ಲೊಂದು ಪಾಲಿನಲ್ಲಿ ದಾಟಿಬಿಡುತ್ತದೆ.

ನಮ್ಮ ಹೆದ್ದಾರಿಗಳಲ್ಲಿ ಇಂಥ ಡಿಕ್ಕಿ ಎಲ್ಲಿ ಆಗುತ್ತದೆ ಎಂಬುದನ್ನೂ ಹೇಳಬೇಕು. ಡಿವೈಡರ್ ತೆರೆದಿರುವಲ್ಲಿ ಬಲಕ್ಕೆ ತಿರುಗಿಸಿ ಆಚೆಯ ರಸ್ತೆಯನ್ನು ಅಡ್ಡ ದಾಟುವ ಕಾರಿಗೆ, ಎದುರಿನಿಂದ ಬರುವ ಲಾರಿ ಎಡಬಾಗಿಲಿಗೇ ಬಡಿಯುತ್ತದೆ. ಸ್ಟಿಯರಿಂಗ್ ಹಿಡಿದವನು ಬಲಗಡೆ ಇದ್ದು ಸ್ವಲ್ಪ ಪಾರಾಗಬಹುದು. ಎಡಗಡೆ ಕುಳಿತ ಹೆಂಡತಿ, ತಾಯಿ, ಮಕ್ಕಳು ಏಟನ್ನು ನೇರವಾಗಿ ತಿನ್ನುತ್ತಾರೆ.

ಜಾಗವಿಲ್ಲದ ಕಡೆ ಎಂಜಿನಿಯರುಗಳು ಹಿಡಿದಿರುವ ದಾರಿ, ಏಟನ್ನು ಒಂದೇ ಕಡೆ ತಡೆಯದೆ ಇಡೀ ಬಾಡಿಗೆ ಹಂಚಿಬಿಡುವುದು. ಬಾಗಿಲಿನೊಳಗೆ ಅಡ್ಡಲಾಗಿ ಒಂದು ಉಕ್ಕಿನ ತೊಲೆ ಇರುತ್ತದೆ. ಅದು ಏಟನ್ನು ಹಿಂದುಮುಂದಿನ ಕಂಬಗಳಿಗೆ ದಾಟಿಸುತ್ತದೆ. ಕಂಬಗಳು ಅದನ್ನು ಮೇಲೆ ಛಾವಣಿಯ ಅಂಚಿಗೂ ಕೆಳಗೆ ಹೊಸ್ತಿಲಿಗೂ ಕೊಡುತ್ತವೆ. ಹೊಸ್ತಿಲಿನಿಂದ ಅದು ಸೀಟುಗಳ ಕೆಳಗಿನ ಅಡ್ಡಪಟ್ಟಿಯ ಮೂಲಕ ಕಾರಿನ ಆಚೆ ಬದಿಗೆ ಹರಿಯುತ್ತದೆ. ಇವುಗಳಲ್ಲಿ ಮುಖ್ಯವಾದುದು ಮುಂದಿನ, ಹಿಂದಿನ ಬಾಗಿಲುಗಳ ನಡುವಿನ ಬಿ-ಪಿಲ್ಲರ್. ಈಚಿನ ಅನೇಕ ಕಾರುಗಳಲ್ಲಿ ಇದನ್ನು ಬೋರಾನ್ ಬೆರೆತ ಉಕ್ಕಿನಿಂದ ಮಾಡುತ್ತಾರೆ. ತಗಡನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಕೆಂಪಗಿರುವಾಗಲೇ ಅಚ್ಚಿನಲ್ಲಿ ಒತ್ತಿ, ಆ ಅಚ್ಚಿನೊಳಗೇ ಥಟ್ಟನೆ ತಣಿಸಿದಾಗ ಅದರ ಬಲ ಸುಮಾರು 1,500 ಮೆಗಾಪಾಸ್ಕಲ್‌ಗೆ ಏರುತ್ತದೆ. ಎಂದರೆ ಸಾಧಾರಣ ಬಾಡಿ ತಗಡಿನ ನಾಲ್ಕೈದು ಪಟ್ಟು.

ನನಗೆ ಎಂದೂ ಬೆರಗು ಹುಟ್ಟಿಸುವ ಸಂಗತಿಯೊಂದಿದೆ. ಕೆಲವು ಕಾರುಗಳಲ್ಲಿ ಈ ಕಂಬದ ಮೇಲ್ಭಾಗವನ್ನು ಗಡುಸಾಗಿ, ಬುಡವನ್ನು ಬೇಕೆಂದೇ ಮೆದುವಾಗಿ ಇಟ್ಟಿರುತ್ತಾರೆ. ಕಂಬ ಒಳಕ್ಕೆ ಬಾಗಲೇಬೇಕಾದರೆ ಎದೆಯ ಮಟ್ಟದಲ್ಲಿ ಬಾಗದೆ ಸೊಂಟದ ಮಟ್ಟದಲ್ಲಿ ಬಾಗಲಿ ಎಂಬುದು ಅದರ ಲೆಕ್ಕ, ಏಕೆಂದರೆ ಪಕ್ಕೆಲುಬಿನ ಗೂಡಿಗಿಂತ ಸೊಂಟದ ಮೂಳೆ ಹೆಚ್ಚು ಏಟು ತಾಳುತ್ತದೆ.

ಕಂಬ ಗಟ್ಟಿಯಾಗಿದ್ದರೂ ತಲೆಯ ಪಕ್ಕದಲ್ಲಿರುವುದು ಗಾಜು ಮಾತ್ರ. ಅಲ್ಲಿ ಛಾವಣಿಯ ಅಂಚಿನಿಂದ ಇಳಿಯುವ ಕರ್ಟನ್ ಏರ್‌ಬ್ಯಾಗ್, ಎದೆಯ ಬಳಿ ಸೀಟಿನ ಹೊರ ಅಂಚನ್ನು ಸೀಳಿಕೊಂಡು ಬರುವ ಪಕ್ಕದ ಏರ್‌ಬ್ಯಾಗ್ ಕಾಯಬೇಕು. ಹೆದ್ದಾರಿ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ಐಐಎಚ್‌ಎಸ್ ಸಂಸ್ಥೆಯ ಪ್ರಕಾರ, ಕಾರಿನ ಚಾಲಕನ ಬದಿಗೆ ಏಟು ಬಿದ್ದಾಗ, ತಲೆಯನ್ನೂ ಕಾಯುವ ಏರ್‌ಬ್ಯಾಗ್ ಚಾಲಕನ ಸಾವಿನ ಸಂಭವವನ್ನು ಶೇ 37ರಷ್ಟು ತಗ್ಗಿಸುತ್ತದೆ. ಎದೆಯನ್ನಷ್ಟೇ ಕಾಯುವಂಥದ್ದು ಶೇ 26ರಷ್ಟು. ಆದರೆ ಸೀಟಿಗೆ ಸುತ್ತಲೂ ಬಿಗಿಯಾಗಿ ಹೊಲಿಸಿದ ದಪ್ಪ ಕವರ್ ಹಾಕಿಸಿದರೆ ಆ ಬ್ಯಾಗಿಗೆ ಹೊರಬರಲು ದಾರಿಯೇ ಇರುವುದಿಲ್ಲ. ಇನ್ನೊಂದು ತಪ್ಪು ಇದಕ್ಕಿಂತ ಗುಟ್ಟಾದುದು. ಹಲವು ಕಾರುಗಳಲ್ಲಿ ಬಾಗಿಲಿನ ಒಳಗಿನ ಗಾಳಿಯ ಒತ್ತಡ ಹಠಾತ್ತನೆ ಏರುವುದನ್ನು ಗ್ರಹಿಸಿಯೇ ಸೆನ್ಸರ್ ಏಟನ್ನು ಗುರುತಿಸುತ್ತದೆ. ದೊಡ್ಡ ಸ್ಪೀಕರ್ ಕೂರಿಸಲು ಒಳತಗಡನ್ನು ಕೊರೆದು ತೂತು ಹಾಗೇ ಬಿಟ್ಟರೆ ಗಾಳಿ ಸೋರುತ್ತದೆ, ಏರ್‌ಬ್ಯಾಗ್ ತೆರೆಯುವುದು ತಡವಾಗಬಹುದು.

ನಮ್ಮಲ್ಲಿ ಪಕ್ಕದ ಡಿಕ್ಕಿಯ ಪರೀಕ್ಷೆ ಕಡ್ಡಾಯವಾದುದು ತಡವಾಗಿ. ಎಐಎಸ್-099 ಮಾನದಂಡ 2017ರ ಅಕ್ಟೋಬರ್‌ನಲ್ಲಿ ಹೊಸ ಮಾದರಿಗಳಿಗೆ, 2019ರ ಅಕ್ಟೋಬರ್‌ನಲ್ಲಿ ಎಲ್ಲ ಮಾದರಿಗಳಿಗೆ ಜಾರಿಗೆ ಬಂತು. ಅದರಲ್ಲಿ 950 ಕೆ.ಜಿ. ತೂಕದ ಗಾಡಿಯೊಂದು ಗಂಟೆಗೆ 50 ಕಿ.ಮೀ. ವೇಗದಲ್ಲಿ ಬಾಗಿಲಿಗೆ ಬಂದು ಬಡಿಯುತ್ತದೆ. ಹೆದ್ದಾರಿಯ ಲಾರಿಯ ಮುಂದೆ ಆ ತೂಕ ಏನೇನೂ ಅಲ್ಲ. ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ, 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್‌ನಲ್ಲಿ ಕಾರನ್ನು ಪಕ್ಕಕ್ಕೆ ಜಾರಿಸಿ, ಹೊರಗೆ ನಿಲ್ಲಿಸಿದ ಕಂಬವೊಂದಕ್ಕೆ ಗುದ್ದಿಸುವ ಪರೀಕ್ಷೆಯೂ ಇದೆ, ಮತ್ತು ಕಾರು ಕೊಳ್ಳುವವರು ಅದರ ಫಲಿತಾಂಶವನ್ನು ಬೇರೆಯಾಗಿ ಕೇಳಿ ತಿಳಿದುಕೊಳ್ಳಬೇಕೆಂದು ನಾನು ಒತ್ತಾಯಿಸುತ್ತೇನೆ. ಸಪೂರವಾದ ಕಂಬ ಬಾಗಿಲಿನ ಕಿರಿದಾದ ಜಾಗವೊಂದರಲ್ಲೇ ನುಗ್ಗುತ್ತದೆ; ತಲೆಗೂ ಅದಕ್ಕೂ ನಡುವೆ ಕರ್ಟನ್ ಏರ್‌ಬ್ಯಾಗ್ ಬಿಟ್ಟರೆ ಬೇರೇನೂ ಇರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಗ್ಯಾರೇಜಿಗೆ ಹೋದಾಗ, ಬಾಗಿದ ಬಿ-ಪಿಲ್ಲರಿಗೆ ಗ್ಯಾಸ್ ಹಿಡಿದು, ಕೆಂಪಾದ ಮೇಲೆ ಸುತ್ತಿಗೆಯಿಂದ ನೇರ ಮಾಡಲು ಟಿಂಕರಿಂಗ್ ಮೇಸ್ತ್ರಿ ಸಿದ್ಧನಾಗಿದ್ದ. “ಸಾರ್, ಲೈನಿಗೆ ತಂದು ಪುಟ್ಟಿ ಹಚ್ಚಿದರೆ ಯಾರಿಗೂ ಗೊತ್ತಾಗಲ್ಲ” ಎಂದ. ಅವನು ಹೇಳಿದ್ದು ನಿಜ, ನನ್ನ ಹೆದರಿಕೆಯೂ ಅದೇ. ಅಚ್ಚಿನಲ್ಲಿ ತಣಿಸಿ ಪಡೆದ ಬಲ ಹಾಗೆ ಮತ್ತೆ ಕಾಯಿಸಿದ ಜಾಗದಲ್ಲಿ ಹೊರಟುಹೋಗುತ್ತದೆ, ಮೇಲೆ ಬಣ್ಣ ಬಿದ್ದ ಮೇಲೆ ಕಣ್ಣಿಗೆ ಅದು ಕಾಣುವುದಿಲ್ಲ. ಆ ಕಂಬದ ಒಂದು ವೆಲ್ಡನ್ನು ಕೊರೆದು ಬಿಡಿಸಿ ನೋಡು ಎಂದೆ. ಎರಡು ಡ್ರಿಲ್ ಬಿಟ್ ಮೊಂಡಾದವು. ಮೂರನೆಯದನ್ನು ಕೈಗೆ ತೆಗೆದುಕೊಂಡವನು ಅದನ್ನು ತಿರುಗಿಸಿ ನೋಡುತ್ತ, “ಇದು ನಮ್ಮ ಕಬ್ಬಿಣವಲ್ಲ ಸಾರ್” ಎಂದು ಗ್ಯಾಸನ್ನು ಆರಿಸಿದ. ಕಂಪನಿ ಸೂಚಿಸಿದ ಗೆರೆಯಲ್ಲೇ ಕತ್ತರಿಸಿ ಹೊಸ ಬಿ-ಪಿಲ್ಲರ್ ಕೂರಿಸುವ ಖರ್ಚನ್ನು ವರದಿಯಲ್ಲಿ ಬರೆದೆ. ಪುಟ್ಟಿ ಹಚ್ಚುವ ಮೊದಲು ಬೆಸುಗೆಯ ಫೋಟೊ ತೆಗೆದು ತೋರಿಸುವಂತೆ ಕಾರಿನ ಮಾಲೀಕರು ಕೇಳಿದರು, ಮೇಸ್ತ್ರಿ ಒಪ್ಪಿಕೊಂಡ.