ಕ್ಯಾಲೆಂಡರಿನ ಮೇಲೆ 17 ಗೀಟು

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಸೊಸೈಟಿಯವರು ಕೊಟ್ಟ ಕ್ಯಾಲೆಂಡರು ತೂಗುತ್ತದೆ. ಹಾಲಿನ ಲೆಕ್ಕ, ಸಿಲಿಂಡರ್ ಬದಲಿಸಿದ ದಿನ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬರುತ್ತೇನೆಂದು ಹೇಳಿದ ದಿನ ಎಲ್ಲವೂ ಅದರ ಮೇಲೇ. ಕಳೆದ ಸಲ ಅಡಿಕೆ ಕೊಯ್ಲಿನ ಹೊತ್ತಿಗೆ ಅತ್ತಿಗೆ ಅದರಲ್ಲಿ ಇನ್ನೊಂದು ಲೆಕ್ಕ ಶುರುಮಾಡಿದರು. ತಲೆನೋವು ಬಂದ ದಿನ ಒಂದು ಗೀಟು, ಮಾತ್ರೆ ನುಂಗಿದರೆ ಪಕ್ಕದಲ್ಲಿ ಒಂದು ಚುಕ್ಕೆ. ತಿಂಗಳು ಮುಗಿದಾಗ ಗೀಟು 17, ಚುಕ್ಕೆ 16.

ಅದಕ್ಕೂ ಮೊದಲಿನ ಎಷ್ಟೋ ವರ್ಷ ಅದು ಪಿತ್ತವಾಗಿತ್ತು, ಸೈನಸ್ ಆಗಿತ್ತು, ಕನ್ನಡಕದ ನಂಬರಾಗಿತ್ತು. ಹಣೆಗೆ ಶುಂಠಿ ತೇಯ್ದು ಹಚ್ಚಿ, ಬಟ್ಟೆ ಬಿಗಿದು, ಕತ್ತಲೆ ಕೋಣೆಯಲ್ಲಿ ಮಲಗುತ್ತಿದ್ದರು. ಒಗ್ಗರಣೆಯ ವಾಸನೆ ಬಂದರೂ ವಾಂತಿ. ಡಾಕ್ಟರಿಗೆ ತೋರಿಸೋಣ ಅಂದರೆ, ‘ತಲೆನೋವಿಗೆಲ್ಲ ಡಾಕ್ಟ್ರ ಹತ್ರ ಹೋಪದನ?’ ಎನ್ನುತ್ತಿದ್ದರು. ಈ ಮಾತನ್ನು ನಾನು ನಮ್ಮ ಕಡೆಯ ಎಷ್ಟೋ ಹೆಂಗಸರ ಬಾಯಲ್ಲಿ ಕೇಳಿದ್ದೇನೆ. ಇದೊಂದು ಮಾತು ಎಷ್ಟು ವರ್ಷಗಳ ನೋವನ್ನು ಮುಚ್ಚಿಟ್ಟಿದೆಯೋ!

ಕೊನೆಗೂ ಡಾಕ್ಟರಿಗೆ ತೋರಿಸಿದಾಗ ಗೊತ್ತಾಯಿತು, ಅತ್ತಿಗೆಯದು ಮೈಗ್ರೇನ್. ಅದು ಅಪರೂಪದ ಕಾಯಿಲೆಯಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 2,329 ಜನರನ್ನು ಕೇಳಿ ಮಾಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಒಂದು ವರ್ಷದಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಕಾಡಿತ್ತು. ಹೆಚ್ಚಿನವರಿಗೆ ಅದು ಆಗೀಗ ಬಂದು ಹೋಗುತ್ತದೆ. ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಲೆನೋವು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣ, ಹೀಗೆ ಮೂರು ತಿಂಗಳು ದಾಟಿದರೆ ವೈದ್ಯರು ಅದನ್ನು ದೀರ್ಘಕಾಲಿಕ ಮೈಗ್ರೇನ್ ಎನ್ನುತ್ತಾರೆ.

ಮೆದುಳಿಗೆ ಸ್ವತಃ ನೋವು ಗೊತ್ತಾಗುವುದಿಲ್ಲ. ನೋಯುವುದು ಅದರ ಹೊದಿಕೆ, ಅಲ್ಲಿನ ರಕ್ತನಾಳ. ಅಲ್ಲಿಂದಲೂ ಮುಖದಿಂದಲೂ ಸುದ್ದಿ ಒಯ್ಯುವ ಟ್ರೈಜೆಮಿನಲ್ ನರದ ತುದಿಗಳು ಮೈಗ್ರೇನ್ ಬಂದಾಗ ಸಿಜಿಆರ್‌ಪಿ ಎಂಬ ಪುಟ್ಟ ಪ್ರೋಟೀನು ತುಣುಕನ್ನು ಸುರಿಸುತ್ತವೆ. ರಕ್ತನಾಳ ಹಿಗ್ಗುತ್ತದೆ, ನೋವಿನ ಸುದ್ದಿ ಮೇಲಿಂದ ಮೇಲೆ ಹೋಗುತ್ತದೆ. ಈ ಗುಟ್ಟು ಬಿಡಿಸಿದ ಎಡ್ವಿನ್ಸನ್, ಗೋಡ್ಸ್‌ಬಿ, ಮೊಸ್ಕೊವಿಟ್ಜ್, ಓಲೆಸೆನ್ ಎಂಬ ವಿಜ್ಞಾನಿಗಳಿಗೆ ಮೆದುಳಿನ ಸಂಶೋಧನೆಗೆಂದು ಕೊಡುವ ‘ಬ್ರೇನ್ ಪ್ರೈಜ್’ 2021ರಲ್ಲಿ ಬಂತು. ಇದೇ ಸುದ್ದಿ ಪದೇಪದೇ ಹೋದರೆ ನರಮಂಡಲ ಅತಿಸೂಕ್ಷ್ಮವಾಗುತ್ತದೆ. ನೋವಿನ ದಿನ ಅತ್ತಿಗೆಗೆ ಜಡೆ ಹೆಣೆಯಲೂ ಆಗುತ್ತಿರಲಿಲ್ಲ. ಬಾಚಣಿಗೆ ತಾಗಿದರೆ ಕೂದಲ ಬುಡ ಉರಿಯುತ್ತಿತ್ತು. ನೋಡಿದವರಿಗೆ ಅದು ಸೋಗು ಅನ್ನಿಸಬಹುದು, ಆದರೆ ಅದು ಕೆರಳಿದ ನರದ ಲಕ್ಷಣ.

ಡಾಕ್ಟರು ಕ್ಯಾಲೆಂಡರಿನ ಹಾಳೆ ನೋಡಿದವರು ಮೊದಲು ಬೆರಳಿಟ್ಟಿದ್ದು ಗೀಟಿನ ಮೇಲಲ್ಲ, ಚುಕ್ಕೆಯ ಮೇಲೆ. ಪ್ಯಾರಾಸಿಟಮಾಲ್‌ನಂಥ ಸಾದಾ ಮಾತ್ರೆಯನ್ನು ತಿಂಗಳಿಗೆ 15 ದಿನ, ಎರಡು ಮೂರು ಔಷಧಿ ಸೇರಿದ ಮಾತ್ರೆ ಅಥವಾ ಮೈಗ್ರೇನ್ ನೋವಿಗೆಂದೇ ಕೊಡುವ ಟ್ರಿಪ್ಟಾನ್ ಆದರೆ 10 ದಿನವೇ, ಮೂರು ತಿಂಗಳಿಗೂ ಹೆಚ್ಚು ಕಾಲ ನುಂಗುತ್ತ ಹೋದರೆ ಆ ಮಾತ್ರೆಯೇ ತಲೆನೋವು ತರಲಾರಂಭಿಸಬಹುದು. ನೋವಿಗೆ ಮಾತ್ರೆ, ಮಾತ್ರೆಯಿಂದ ನೋವು. ಪೇಟೆಗೆ ಹೋದವರ ಹತ್ತಿರ ‘ತಲೆನೋವಿನ ಮಾತ್ರೆ ಒಂದು ಸ್ಟ್ರಿಪ್ ತಾ’ ಎಂದು ಹೇಳಿ ತರಿಸಿಕೊಳ್ಳುವ ನಮ್ಮ ಅಭ್ಯಾಸದಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಬಿಡಲು ಹೊರಟರೆ ಮೊದಲ ಕೆಲವು ದಿನ ನೋವು ಇನ್ನೂ ಜೋರಾಗುತ್ತದೆ. ಹಾಗಾಗಿ ವೈದ್ಯರನ್ನು ಕೇಳಿಯೇ ಬಿಡಬೇಕು.

ಆಮೇಲೆ ತಡೆಗಟ್ಟುವ ಔಷಧಿ. ಜನ ದಾರಿ ತಪ್ಪುವುದು ಇಲ್ಲೇ. ಪ್ರೊಪ್ರನಲಾಲ್ ಬಿಪಿಗೂ ಕೊಡುವ ಮಾತ್ರೆ, ಅಮಿಟ್ರಿಪ್ಟಿಲಿನ್ ಖಿನ್ನತೆಗೂ, ಟೋಪಿರಮೇಟ್ ಫಿಟ್ಸಿಗೂ. ‘ಇದು ಫಿಟ್ಸ್ ಮಾತ್ರೆಯಲ್ಲವಾ?’ ಎಂದು ಯಾರೋ ಹೇಳಿದರೆ ಸಾಕು, ಮರುದಿನದಿಂದ ಡಬ್ಬಿ ಮೂಲೆಗೆ. ಇವು ನೋವು ಬಂದಾಗ ನುಂಗುವಂಥವಲ್ಲ. ಸಣ್ಣ ಡೋಸಿನಿಂದ ಶುರುಮಾಡಿ, ಗುಣ ಗೊತ್ತಾಗಲು ಎರಡು ಮೂರು ತಿಂಗಳು ಕಾಯಬೇಕು. ನೋವಿನ ದಿನಗಳು ಅರ್ಧಕ್ಕಿಳಿದರೂ ಅದು ಒಳ್ಳೆಯ ಫಲ. ಆಸ್ತಮಾ ಇದ್ದರೆ, ಬಸಿರಾಗುವ ಯೋಚನೆ ಇದ್ದರೆ ಮೊದಲೇ ಹೇಳಬೇಕು. ಕೆಲವು ಔಷಧಿ ಅಂಥವರಿಗೆ ಆಗುವುದಿಲ್ಲ. ಇವು ನಾಟದಿದ್ದರೆ ಹಣೆ, ತಲೆ, ಕುತ್ತಿಗೆಯ 31 ಜಾಗಗಳಲ್ಲಿ 12 ವಾರಕ್ಕೊಮ್ಮೆ ಕೊಡುವ ಬೊಟಾಕ್ಸ್ ಇಂಜೆಕ್ಷನ್ ಇದೆ, ಸಿಜಿಆರ್‌ಪಿಯನ್ನೇ ತಡೆಯುವ ಚುಚ್ಚುಮದ್ದೂ ಇದೆ. ಎರಡೂ ದುಬಾರಿ.

ನರರೋಗ ತಜ್ಞರನ್ನು ಹುಡುಕಿ ನಮ್ಮ ಜಿಲ್ಲೆಯವರು ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಕಾರವಾರದ ಕಡೆಯವರಾದರೆ ಗೋವಾ ಎಂದು ಓಡಾಡುತ್ತಾರೆ. ನೋವಿನ ತಲೆ ಹೊತ್ತು ದೇವಿಮನೆ ಘಟ್ಟದ ತಿರುವು ಇಳಿಯುವುದು ಎಂಥ ಶಿಕ್ಷೆ ಎಂಬುದು ಇಳಿದವರಿಗೇ ಗೊತ್ತು. ಆದರೆ ಮೊದಲ ಹೆಜ್ಜೆಗೆ ಅಷ್ಟು ದೂರ ಹೋಗಬೇಕಿಲ್ಲ. ಊರಿನ ಫಿಸಿಶಿಯನ್ನರೇ ಚಿಕಿತ್ಸೆ ಶುರುಮಾಡಬಲ್ಲರು. ನೋವಿನ ಜೊತೆ ಮನಸ್ಸೂ ಕುಸಿದಿದ್ದರೆ 14416ಕ್ಕೆ ಕರೆ ಮಾಡಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನವರೊಡನೆ ಕನ್ನಡದಲ್ಲೇ ಮಾತಾಡಬಹುದು.

ಕೆಲವು ತಲೆನೋವಿಗೆ ಮಾತ್ರ ಕಾಯಬಾರದು: ಸಿಡಿಲು ಬಡಿದಂತೆ ಒಮ್ಮೆಲೇ ಬಂದದ್ದು, ಜ್ವರ ಮತ್ತು ಕುತ್ತಿಗೆ ಬಿಗಿತದ ಜೊತೆ ಬಂದದ್ದು, ಕೈಕಾಲು ಸೋತು ಮಾತು ತೊದಲಿದ್ದು, ತಲೆಗೆ ಪೆಟ್ಟು ಬಿದ್ದ ಮೇಲೆ ಹೆಚ್ಚುತ್ತ ಹೋದದ್ದು. ಇವಕ್ಕೆ ಕೂಡಲೇ ಆಸ್ಪತ್ರೆ. 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ ತಡಮಾಡದೆ ತೋರಿಸಬೇಕು.

ಕ್ಯಾಲೆಂಡರು ಇನ್ನೊಂದನ್ನೂ ತೋರಿಸಿತು. ಅಡಿಕೆ ಸುಲಿಯುತ್ತ ರಾತ್ರಿ ಹನ್ನೊಂದರವರೆಗೆ ಕೂತ ಮರುದಿನ ಗೀಟು. ಪ್ರತಿ ಸಂಕಷ್ಟಿಗೂ ಗೀಟು. ಚಂದ್ರೋದಯದವರೆಗೆ ಹೊಟ್ಟೆ ಖಾಲಿ. ನಿದ್ದೆ ತಪ್ಪುವುದು, ಊಟ ತಪ್ಪುವುದು ಮೈಗ್ರೇನನ್ನು ಕೆರಳಿಸುತ್ತವೆ. ಅತ್ತಿಗೆಗೆ ಉಪವಾಸ ಬಿಡಲು ಮನಸ್ಸಿರಲಿಲ್ಲ. ಮಧ್ಯಾಹ್ನ ಬಾಳೆಹಣ್ಣು, ಹಾಲು ತಗೊಳ್ಳಲಿ ಎಂದು ಹೇಳಿದ್ದು ಮನೆಯ ಹಿರಿಯರಾದ ಅತ್ತೆಯೇ. ಸಂಜೆಯ ಅಡುಗೆಗೆ ಅಣ್ಣ ನಿಂತ. ಮಾತ್ರೆ ಮಾಡಿದಷ್ಟೇ ಕೆಲಸವನ್ನು ಇವೂ ಮಾಡಿದವು ಎಂದು ನನಗನ್ನಿಸುತ್ತದೆ.

ಐದನೆಯ ತಿಂಗಳ ಹಾಳೆಯಲ್ಲಿ ಗೀಟು 7, ಚುಕ್ಕೆ 4. ಮುಂದಿನ ಭೇಟಿಗೆಂದು ಅದನ್ನು ಹರಿದು ಮಡಚಿ ಪರ್ಸಿನಲ್ಲಿಟ್ಟುಕೊಂಡಿದ್ದಾರೆ. ಹಾಲಿನ ಲೆಕ್ಕವನ್ನು ಬೇರೆ ಚೀಟಿಗೆ ಬರೆದಿಟ್ಟಾಗಿದೆ.