ಪದ ಪರಿಚಯ: ದಂಡೆ ಕುಸಿತ

ಹಳ್ಳದ ನೀರು ದಂಡೆಯ ಮಣ್ಣನ್ನು ಸ್ವಲ್ಪಸ್ವಲ್ಪವಾಗಿ ತೊಳೆದೊಯ್ಯುವುದು ದಂಡೆ ಕೊರೆತ. ದಂಡೆಯ ಒಂದು ಭಾಗವೇ ಹೋಳಾಗಿ ಕಳಚಿ ಬೀಳುವುದು ದಂಡೆ ಕುಸಿತ. ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಿಕೊಡುತ್ತದೆಯಾದರೂ ಎರಡರ ಕಾರಣವೂ ಪರಿಹಾರವೂ ಒಂದೇ ಅಲ್ಲ. ಎರೆ ಸೀಮೆಯಲ್ಲಿ, ಅಂದರೆ ಕಪ್ಪು ಜೇಡಿಮಣ್ಣಿನ ನಾಡಿನಲ್ಲಿ, ಈ ವ್ಯತ್ಯಾಸವನ್ನು ಗಮನಿಸದೆ ದಂಡೆಗೆ ಸುರಿದ ಕಲ್ಲು ಕೊನೆಗೆ ಹಳ್ಳದ ಪಾಲಾಗುತ್ತದೆ.

ವಿಜಯಪುರ ಜಿಲ್ಲೆಯಲ್ಲಿ ‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎಂಬ ಮಾತಿದೆ. ಡೋಣಿ ಎಂದರೆ ಇಲ್ಲಿನ ಒಂದು ನದಿ. ಜೋಳಕ್ಕೆ ಅಷ್ಟು ಒಳ್ಳೆಯದಾದ ಅದರ ಬಯಲಿನ ಕಪ್ಪು ಮಣ್ಣು ದಂಡೆಯಾಗಿ ನಿಲ್ಲಬೇಕಾದಾಗ ಮಾತ್ರ ನೆಚ್ಚುವಂಥದ್ದಲ್ಲ. ಅದರಲ್ಲಿರುವ ಸ್ಮೆಕ್ಟೈಟ್ ಜಾತಿಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಕೈ ತೂರುವಷ್ಟು ಅಗಲ ಬಿರಿಯುವುದನ್ನು ಇಲ್ಲಿನ ರೈತರಿಗೆ ಹೇಳಿಕೊಡಬೇಕಾಗಿಲ್ಲ. ದಂಡೆಯ ಅಂಚಿನಿಂದ ಎರಡು ಮೂರು ಅಡಿ ಒಳಗೆ, ಹಳ್ಳದ ಗುಂಟ ಉದ್ದಕ್ಕೆ ಬಿಟ್ಟ ಬಿರುಕೇ ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಮುಂಗಾರಿನ ಮೊದಲ ದೊಡ್ಡ ಮಳೆ ನೇರವಾಗಿ ಅದರೊಳಗೆ ಇಳಿಯುತ್ತದೆ.

ಹಳ್ಳ ತುಂಬಿ ಹರಿಯುವಾಗ ನೀರು ಬುಡವನ್ನು ಕೊರೆಯುತ್ತದೆ, ಆದರೆ ಅದೇ ನೀರಿನ ಒತ್ತಡ ದಂಡೆಗೆ ಹೊರಗಿನಿಂದ ಆಸರೆಯನ್ನೂ ಕೊಟ್ಟಿರುತ್ತದೆ. ಕೆಲವೇ ತಾಸುಗಳಲ್ಲಿ ಹಳ್ಳ ಇಳಿದಾಗ ಆ ಆಸರೆ ಹೋಗುತ್ತದೆ. ಜೇಡಿಯ ಒಳಗಿನ ನೀರು ಮಾತ್ರ ಅಷ್ಟು ಬೇಗ ಬಸಿಯುವುದಿಲ್ಲ. ನೆನೆದು ಭಾರವಾದ, ಬುಡ ಸವೆದ, ಹಿಂದೆ ಬಿರುಕು ಬಿಟ್ಟ ದಂಡೆ ಪ್ರವಾಹದಲ್ಲಿ ನಿಂತು, ಮರುದಿನದ ಬಿಸಿಲಿನಲ್ಲಿ ಬೀಳುವುದು ಈ ಕಾರಣಕ್ಕೆ.

ಆದ್ದರಿಂದ ದಂಡೆಯ ರಕ್ಷಣೆ ಬುಡದಿಂದ ಆರಂಭವಾಗಬೇಕು. ಹಳ್ಳದ ತಳ ಎಷ್ಟು ಆಳ ಕೊರೆಯಬಹುದೋ ಅದಕ್ಕಿಂತ ಕೆಳಗೆ ಪಾಯ ತೋಡಿ ದಪ್ಪ ಕಲ್ಲು ಕೂಡಿಸಬೇಕು. ಕಲ್ಲಿಗೂ ಜೇಡಿಗೂ ನಡುವೆ ಮರಳು ಮತ್ತು ಜಲ್ಲಿಯ ಸೋಸು ಪದರವಾಗಲಿ ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆಯಾಗಲಿ ಇಲ್ಲದಿದ್ದರೆ ಮಣ್ಣು ಸಂದಿಯಿಂದ ಜಾರಿ, ಕಲ್ಲು ಕುಸಿಯುತ್ತದೆ. ನೆಟ್ಟಗಿರುವ ದಂಡೆಯನ್ನು ಎತ್ತರ ಒಂದಕ್ಕೆ ಅಗಲ ಎರಡು, ಸಾಧ್ಯವಾದರೆ ಮೂರು ಪಾಲು ಇಳಿಜಾರು ಮಾಡಬೇಕು. ಹೊಲದ ಒಂದು ಪಟ್ಟಿ ಇದಕ್ಕೆ ಹೋಗುತ್ತದೆ ಎಂಬ ಸಂಕಟ ನಿಜವಾದರೂ, ಬಿಟ್ಟುಕೊಡದಿದ್ದರೆ ಹಳ್ಳ ಅದಕ್ಕಿಂತ ಹೆಚ್ಚನ್ನೇ ಕೇಳುತ್ತದೆ. ನೀರು ಬಸಿಯಲು ತೂತುಗಳಿಲ್ಲದ ಕಾಂಕ್ರೀಟ್ ಗೋಡೆಯನ್ನು ಎರೆ ಮಣ್ಣಿಗೆ ಒರಗಿಸುವುದು ತಪ್ಪೆಂದೇ ನನ್ನ ಅಭಿಪ್ರಾಯ. ಉಬ್ಬುವ ಮಣ್ಣು ಮತ್ತು ಹಿಂದೆ ನಿಂತ ನೀರು ಸೇರಿ ಅದನ್ನು ಮುಂದಕ್ಕೆ ತಳ್ಳುತ್ತವೆ. ತಂತಿ ಬಲೆಯಲ್ಲಿ ಕಲ್ಲು ತುಂಬಿದ ಗೇಬಿಯನ್ ನೀರನ್ನು ಬಸಿಯಲು ಬಿಡುತ್ತದೆ, ಸ್ವಲ್ಪ ಬಾಗಿದರೂ ಒಡೆಯುವುದಿಲ್ಲ.

ಡೋಣಿ ಬಯಲಿನಂಥ ಸವುಳು, ಅಂದರೆ ಉಪ್ಪಿನಂಶದ ನೆಲದಲ್ಲಿ ಮಣ್ಣಿನ ಪರೀಕ್ಷೆಯೊಂದೂ ಅವಶ್ಯ. ಗಾಜಿನ ಲೋಟದಲ್ಲಿ ಮಳೆನೀರು ತುಂಬಿ, ದಂಡೆಯ ಒಣಮಣ್ಣಿನ ಸಣ್ಣ ಹೆಂಟೆಯೊಂದನ್ನು ಮೆಲ್ಲಗೆ ಇಳಿಬಿಟ್ಟು, ಅಲುಗಿಸದೆ ನೋಡಬೇಕು. ಹೆಂಟೆ ಬರಿದೆ ಪುಡಿಯಾಗಿ ತಳದಲ್ಲಿ ಕುಳಿತರೆ ಚಿಂತೆಯಿಲ್ಲ. ಅದರ ಸುತ್ತ ಹಾಲಿನಂತೆ ಮಸುಕು ಹರಡಿ ತಿಳಿಯಾಗದೆ ಉಳಿದರೆ, ಆ ಮಣ್ಣು ನೀರಿನಲ್ಲಿ ತಾನಾಗಿಯೇ ಚದುರುವಂಥದ್ದು, ಸೋಡಿಯಂ ಹೆಚ್ಚಿರುವಂಥದ್ದು ಎಂದು ತಿಳಿಯಬೇಕು. ಅಲ್ಲಿ ನೀರು ದಂಡೆಯ ಒಳಗೇ ಸುರಂಗ ಕೊರೆಯುತ್ತದೆ. ಕಲ್ಲು ಕೂಡಿಸುವ ಮೊದಲು ಮಣ್ಣಿಗೆ ಜಿಪ್ಸಂ ಬೆರೆಸಿದರೆ ಅದರ ಕ್ಯಾಲ್ಸಿಯಂ ಸೋಡಿಯಮ್ಮಿನ ಜಾಗ ಹಿಡಿದು ಜೇಡಿಯ ಕಣಗಳನ್ನು ಕೂಡಿಸುತ್ತದೆ.

ಇಳಿಜಾರಿನ ಮೇಲೆ ಲಾವಂಚ, ಲಕ್ಕಿ, ಕರಿಕೆ ನಾಟಬಹುದು. ಅನುಕೂಲವಾದ ನೆಲದಲ್ಲಿ 3 ಮೀಟರಿನಷ್ಟು ಆಳಕ್ಕೆ ಬೇರಿಳಿಸುವ ಲಾವಂಚ ಸವುಳನ್ನೂ ತಾಳುತ್ತದೆ, ಆದರೆ ಬುಡ ಭದ್ರವಿಲ್ಲದ ಕಡೆ ಅದೂ ಮಣ್ಣಿನ ಹೋಳಿನೊಂದಿಗೇ ಹೋಗುತ್ತದೆ. ಪ್ರತಿ ಪ್ರವಾಹ ಇಳಿದ ಮೇಲೆ ದಂಡೆಯ ಗುಂಟ ನಡೆದು, ಹೊಸ ಬಿರುಕು ಕಂಡರೆ ಅದೇ ಎರೆ ಮಣ್ಣನ್ನು ತುಂಬಿ ಧಮ್ಮಸ್ಸು ಮಾಡಬೇಕು.